ಪಾಲಕರ ವಿಳಾಸ

ಫೆಬ್ರವರಿ 11, ಮಂಗಳವಾರ

ಇಂದೂ ಇಳಿಯಬೇಕಾದಲ್ಲಿ ಇಳಿಯಲಿಲ್ಲ. ಚಿಕಂಡಾ ತಿರುವು ಬಂದಾಗ ‘ಇಳಿಯೋರಿದ್ದಾರೆ’ ಎಂದು ಕೂಗಬೇಕು, ಅಷ್ಟೇ. ಬಾಯಿ ತೆರೆದೆ. ಮೆಕ್ಕೆಜೋಳದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದ ದಪ್ಪ ಮನುಷ್ಯ ನನ್ನತ್ತ ತಿರುಗಿದ. ಬಾಯಿ ಮುಚ್ಚಿದೆ. ಮಿನಿಬಸ್ಸು ಝೊಂಬಾ ಮಾರುಕಟ್ಟೆಯವರೆಗೆ ಹೋಗಿ ನಿಂತಿತು. ಅಲ್ಲಿಂದ ಮಳೆಯಲ್ಲಿ ಹಿಂದಕ್ಕೆ ನಡೆದು ಬಂದೆ.

ಹೊಸ ಪುಸ್ತಕ, ಆದ್ದರಿಂದ ಮೊದಲಿಂದ ಬರೆಯುತ್ತೇನೆ. ಬ್ಲಾಂಟೈರ್‌ಗೆ ಹೋಗಿದ್ದು ಮದಾಲೊಳ ವೀಸಾ ಅರ್ಜಿ ಎಲ್ಲಿದೆ ಎಂದು ಕೇಳಲು. ಮದಾಲೊ ನನ್ನ ಅಕ್ಕ ಎನಿಫಾಳ ಮಗಳು. ಅಕ್ಕ ನಮ್ಮ ಮಲಾವಿ ಬಿಟ್ಟು ದೂರದ ದೇಶವೊಂದರಲ್ಲಿ ಆಸ್ಪತ್ರೆಯ ದಾದಿ. ಅವಳು ಹೋದಾಗ ಮಗುವಿಗೆ ಎರಡು ವರ್ಷ, ಈಗ ಆರು. ಮಗುವಿನ ಅಪ್ಪ ಅದು ಹುಟ್ಟುವ ಮೊದಲೇ ಸರೋವರದಲ್ಲಿ ದೋಣಿ ಮಗುಚಿ ತೀರಿಕೊಂಡ. ಈ ಮನೆಯಲ್ಲಿ ನಾನು, ಅಜ್ಜಿ, ಮದಾಲೊ. ಮಗುವನ್ನು ಕರೆಸಿಕೊಳ್ಳಲು ಅಕ್ಕನಿಗೆ ಒಪ್ಪಿಗೆ ಸಿಕ್ಕಿದೆ. ವೈದ್ಯರ ತಪಾಸಣೆಯೂ ಆಗಿದೆ. ಆ ತಪಾಸಣೆಯ ವರದಿ ಜುಲೈ ಕೊನೆಯವರೆಗೆ ಮಾತ್ರ ಚಾಲ್ತಿಯಲ್ಲಿರುತ್ತದೆ. ಅಷ್ಟರೊಳಗೆ ವೀಸಾ ಬಾರದಿದ್ದರೆ ಎಲ್ಲವೂ ಮತ್ತೆ ಮೊದಲಿಂದ, ಇನ್ನೂ ಎರಡು ವರ್ಷ. ಈಗಲೇ ಅವಳಿಗೆ ತಾಯಿ ಎಂದರೆ ಫೋನಿನೊಳಗಿನ ಒಂದು ಮುಖ.

ಅರ್ಜಿ ಕೇಂದ್ರದ ಗಾಜಿನ ಹಿಂದಿದ್ದ ಹೆಂಗಸು ಒಳ್ಳೆಯವಳೇ.

“ನಾವು ತಗೋತೀವಿ, ಕಳಿಸ್ತೀವಿ, ಅಷ್ಟೇ ಕಣಮ್ಮ. ತೀರ್ಮಾನ ಮಾಡೋರು ಬೇರೆ.”

“ಎಲ್ಲಿಗೆ ಕಳಿಸಿದ್ರಿ?”

“ನೈರೋಬಿಗೆ ಹೋಗಿರತ್ತೆ. ಇಲ್ಲಾಂದ್ರೆ ಪ್ರಿಟೋರಿಯಾಗೆ.”

ಎರಡರಲ್ಲಿ ಯಾವುದಕ್ಕೆ ಎಂದು ನಾನು ಕೇಳಲಿಲ್ಲ. ಹಿಂದೆ ಸಾಲಿತ್ತು, ಯಾರೋ ಕೆಮ್ಮಿದರು. ಆ ಪ್ರಶ್ನೆಯನ್ನು ಬಸ್ಸಿನಲ್ಲಿ ಮನಸ್ಸಿನೊಳಗೇ ಬೇರೆ ಬೇರೆ ರೀತಿಯಲ್ಲಿ ಕೇಳಿಕೊಂಡೆ. ಒಂದಂತೂ ಬಹಳ ಚೆನ್ನಾಗಿತ್ತು.

ನಾಲ್ಕು ವರ್ಷ ಸಾಹಿತ್ಯ ಓದಿದ್ದೇನೆ. ಕಾದಂಬರಿಯ ಪಾತ್ರ ಏನನ್ನು ಮುಚ್ಚಿಡುತ್ತಿದೆ ಎಂದು ಹತ್ತು ಪುಟ ಬರೆಯಬಲ್ಲೆ. ಗಾಜಿನ ಹಿಂದಿನ ಮನುಷ್ಯರಿಗೆ ಎರಡನೇ ಪ್ರಶ್ನೆ ಕೇಳಲಾರೆ.

ಆ ದೇಶದ ಹೆಸರನ್ನು ಈ ಪುಸ್ತಕದಲ್ಲಿ ಬರೆಯುವುದಿಲ್ಲ. ಮಗುವನ್ನು ಒಳಗೆ ಬಿಡುವವರೆಗೆ ಅದಕ್ಕೆ ಹೆಸರಿಲ್ಲ. ಇಷ್ಟಾದರೂ ನನ್ನ ಕೈಯಲ್ಲಿದೆ.

ಫೆಬ್ರವರಿ 20, ಗುರುವಾರ

ವೀಸಾ ವಿಚಾರಣೆಯ ನಂಬರಿಗೆ ಫೋನ್ ಮಾಡಿದೆ. ಏನು ಹೇಳಬೇಕೆಂದು ಮೊದಲು ಚೀಟಿಯಲ್ಲಿ ಬರೆದುಕೊಂಡೆ: ನಮಸ್ಕಾರ, ನನ್ನ ಹೆಸರು ಫತ್ಸಾನಿ ಮಟೆವೇರೆ, ನಾನು ಇಂಥ ಅರ್ಜಿಯ ಬಗ್ಗೆ… ಸಂಗೀತ ಬಂತು. ಬಹಳ ಹೊತ್ತು ಬಂತು. ಒಂದು ಗಂಡು ದನಿ “ಹೇಳಿ” ಎಂದಿತು. ಫೋನ್ ಇಟ್ಟುಬಿಟ್ಟೆ.

ಬಾಗಿಲ ಬಳಿ ಬಟಾಣಿ ಬಿಡಿಸುತ್ತಿದ್ದ ಅಜ್ಜಿ ತಲೆ ಎತ್ತಲಿಲ್ಲ.

“ಏನಂದ್ರು?”

“ಲೈನ್ ಸಿಗಲಿಲ್ಲ ಅಜ್ಜಿ.”

“‘ಹೇಳಿ’ ಅಂತು ಲೈನು. ನನಗಿಲ್ಲಿಗೆ ಕೇಳಿಸ್ತು.”

ನನ್ನ ಹೆಸರಿಗೆ ‘ತಗ್ಗಿ ನಡೆ’ ಎಂದು ಅರ್ಥ. ಇಟ್ಟವಳು ಇದೇ ಅಜ್ಜಿ. ಈಗ ಯಾರನ್ನು ದೂರುತ್ತಾಳೆ?

ಮಾರ್ಚ್ 3, ಸೋಮವಾರ

ಹುತಾತ್ಮರ ದಿನದ ರಜೆ. ವಿಶ್ವವಿದ್ಯಾಲಯದ ಗೇಟಿನ ಬಳಿಯ ಅಂಗಡಿ ಮುಚ್ಚಿತ್ತು, ಹಾಗಾಗಿ ಬೇರೆಯವರ ಪ್ರಬಂಧಗಳನ್ನು ಟೈಪು ಮಾಡುವ ಕೆಲಸ ಇರಲಿಲ್ಲ. ಅಕ್ಕ ಫೋನ್ ಮಾಡಿದಳು. ಮದಾಲೊ ಮಂಚದ ಕೆಳಗೆ ಹೋದಳು.

“ಅಮ್ಮಂಗೆ ಒಂದು ಮಾತು ಹೇಳು ಬಾ,” ಎಂದೆ.

“ನೀನೇ ಹೇಳು.”

“ನಾನು ಹೇಳಿದ್ರೆ ನಂದಾಗತ್ತೆ. ನೀನು ಹೇಳು.”

“ನೀನೂ ಅಮ್ಮಾನೇ ಅಲ್ವಾ?”

“ನಾನು ಚಿಕ್ಕಮ್ಮ. ಅಮ್ಮ ಅಲ್ಲಿದ್ದಾಳೆ. ನೋಡು, ಟೋಪಿ ಹಾಕ್ಕೊಂಡಿದ್ದಾಳೆ.”

ಮಂಚದ ಕೆಳಗಿಂದ ಕೈಯೊಂದು ಹೊರಬಂದು ಫೋನಿಗೆ ಟಾಟಾ ಮಾಡಿ ಒಳಕ್ಕೆ ಹೋಯಿತು. ಅಕ್ಕ ನಕ್ಕಳು. ನಗು ನಿಂತ ಮೇಲೂ ಅವಳ ಮುಖ ಹಾಗೆಯೇ ಇತ್ತು, ಫೋಟೋಗೆ ನಿಂತವರ ಹಾಗೆ.

ನಾಳೆ ಎರಡೂ ಕಚೇರಿಗೆ ಬರೆಯುತ್ತೇನೆ. ಬರೆಯುವುದಾದರೆ ಯಾರೂ ಕೆಮ್ಮುವುದಿಲ್ಲ.

ಮಾರ್ಚ್ 19, ಬುಧವಾರ

ಎರಡು ಉತ್ತರ ಬಂದಿವೆ.

ನೈರೋಬಿ: ಈ ಫೈಲು ನಮ್ಮಲ್ಲಿಲ್ಲ, ಪ್ರಿಟೋರಿಯಾವನ್ನು ಕೇಳಿ. ಪ್ರಿಟೋರಿಯಾ: ಅರ್ಜಿದಾರರು ಮಲಾವಿಯ ನಿವಾಸಿ, ಮಲಾವಿ ನೈರೋಬಿಗೆ ಸೇರಿದ್ದು, ನೈರೋಬಿಯನ್ನು ಕೇಳಿ. ಎರಡೂ ಕೊನೆಯಲ್ಲಿ ‘ನಿಮ್ಮ ತಾಳ್ಮೆಗೆ ಧನ್ಯವಾದಗಳು’ ಎಂದಿವೆ.

ನಾನು ತಾಳ್ಮೆ ಕೊಟ್ಟಿಲ್ಲ. ನನ್ನಿಂದ ಕಿತ್ತುಕೊಂಡಿದ್ದಕ್ಕೆ ಧನ್ಯವಾದ ಹೇಳುತ್ತಿದ್ದಾರೆ. ಹೀಗೆಂದು ಉತ್ತರ ಬರೆದೆ. ಅಳಿಸಿದೆ. ಮತ್ತೆ ಬರೆದೆ. ಕಳಿಸಲಿಲ್ಲ, ಆದರೆ ಅಳಿಸಲೂ ಇಲ್ಲ.

ಏಪ್ರಿಲ್ 8, ಮಂಗಳವಾರ

ಇಂದು ಫೋನ್ ಇಡಲಿಲ್ಲ. ಸಂಗೀತ ಮುಗಿಯುವವರೆಗೆ ಕಾದೆ. ಚೀಟಿ ಎಲ್ಲಿಟ್ಟಿದ್ದೆನೋ ಸಿಗಲಿಲ್ಲ, ಬಾಯಿಗೆ ಬಂದಂತೆ ಹೇಳಿದೆ.

“ಇದು ಪ್ರಿಟೋರಿಯಾಗೆ ಹೋಗಿದೆ,” ಎಂದಿತು ದನಿ. “ಪಾಲಕರ ವಿಳಾಸ ಜೊಹಾನ್ಸ್‌ಬರ್ಗ್ ಅಂತಿದೆಯಲ್ಲ. ಪಾಲಕರು ಎಲ್ಲಿರ್ತಾರೋ ಫೈಲು ಅಲ್ಲಿಗೆ ಹೋಗತ್ತೆ.”

“ಆದ್ರೆ ಮಗು ಇರೋದು ಝೊಂಬಾದಲ್ಲಿ.”

“ಹಾಗಾದ್ರೆ ಪಾಲಕರು ಅಲ್ಲಿ ಯಾಕಿದ್ದಾರೆ?”

“ಅವರು ನಮ್ಮ ಮಾವ.”

“ಮಗು ಅವರ ಜೊತೆ ಇದೆಯಾ?”

“ಇಲ್ಲ. ನನ್ನ ಜೊತೆ.”

“ಮತ್ತೆ ನೀವ್ಯಾರು?”

ಅಷ್ಟರಲ್ಲಿ ಫೋನಿನ ಕರೆನ್ಸಿ ಮುಗಿಯಿತು. ಆ ಪ್ರಶ್ನೆ ಅಲ್ಲೇ ನೇತಾಡುತ್ತ ಉಳಿಯಿತು.

ಹೋದ ವರ್ಷ ಅರ್ಜಿ ತುಂಬಿದ ದಿನ ನೆನಪಿದೆ. ‘ಪಾಲಕರು ಯಾರು’ ಎಂದು ಕೇಳಿದ್ದಲ್ಲಿ ನಾನೂ ಅಜ್ಜಿಯೂ ಒಟ್ಟಿಗೆ “ಲಾಸ್ಟನ್ ಮಾವ” ಎಂದಿದ್ದೆವು. ಅದು ಯೋಚಿಸಬೇಕಾದ ಪ್ರಶ್ನೆ ಎಂದೇ ಅನಿಸಿರಲಿಲ್ಲ. ನಮ್ಮಲ್ಲಿ ಮಕ್ಕಳು ತಾಯಿಯ ಮನೆಯವು, ತಾಯಿಯ ಮನೆಗೆ ಯಜಮಾನ ಸೋದರಮಾವ. ಲಾಸ್ಟನ್ ಮಾವ ನಮ್ಮಮ್ಮನ ಅಣ್ಣ, ಅಜ್ಜಿಯ ಮಗ. ಅಮ್ಮ ತೀರಿಕೊಂಡ ಮೇಲೆ ನನ್ನ ಶಾಲೆ, ಅಕ್ಕನ ಮದುವೆ, ಮದಾಲೊಳ ಹೆಸರು, ಎಲ್ಲವನ್ನೂ ಅವನೇ ತೀರ್ಮಾನಿಸಿದ್ದು. ಅವನು ಜೊಹಾನ್ಸ್‌ಬರ್ಗ್‌ನಲ್ಲಿ (ನಮ್ಮ ಬಾಯಲ್ಲಿ ‘ಜೋನಿ’) ಯಾರದೋ ತೋಟದ ಕೆಲಸ ಮಾಡುತ್ತಾನೆ. ಹಾಗೆಂದು ಯಜಮಾನಿಕೆ ಇಲ್ಲಿಂದ ಅಲ್ಲಿಗೆ ಹೋಗಿಬಿಡುತ್ತದೆಯೇ?

ಹೋಗಿದೆ. ಯಜಮಾನಿಕೆಯ ಹಿಂದೆ ಫೈಲೂ ಹೋಗಿದೆ.

ಮಗುವಿನ ಕಿವಿಗೆ ಎಣ್ಣೆ ಬಿಡುವವಳು, ತಲೆ ಹೆಣೆಯುವವಳು, ಶಾಲೆಯ ಬಾಗಿಲಲ್ಲಿ ಕಾಯುವವಳು ಯಾವ ಕಚೇರಿಗೆ ಸೇರುತ್ತಾಳೆ? ಅದನ್ನು ಯಾರೂ ಕೇಳಿಲ್ಲ. ನಾನೂ ಕೇಳಿರಲಿಲ್ಲ.

ಏಪ್ರಿಲ್ 27, ಭಾನುವಾರ

ಅಜ್ಜಿಗೆ ಹೇಳಿದೆ. ಪಾಲಕರ ಹೆಸರು ಬದಲಾಗಬೇಕು, ಮಾವ ಬಿಟ್ಟುಕೊಟ್ಟೆ ಎಂದು ಸಹಿ ಹಾಕಬೇಕು, ನಾನು ವಹಿಸಿಕೊಂಡೆ ಎಂದು ಸಹಿ ಹಾಕಬೇಕು. ಆಗ ಫೈಲು ನೈರೋಬಿಗೆ ಹೋಗುತ್ತದೆ.

ಅಜ್ಜಿ ತೆನೆ ಸುಲಿಯುತ್ತಿದ್ದಳು. ಈ ಸಲದ ಜೋಳ ಚೆನ್ನಾಗಿದೆ, ಕಾಳು ಬಿಗಿಯಾಗಿದೆ.

“ಯಜಮಾನನ ಕುರ್ಚಿ ಕೇಳ್ತಿದೀಯ,” ಎಂದಳು.

“ಕುರ್ಚಿ ಅವರೇ ಇಟ್ಕೊಳ್ಳಲಿ. ಮಗು ಕೇಳ್ತಿದೀನಿ.”

“ಮಗುನ ಕೇಳೋದು ಕಳಿಸಿಬಿಡೋಕೆ. ಅಲ್ವಾ?”

“ಹೌದು.”

“ಹಾಗಾದ್ರೆ ನೀನು ಗೆದ್ರೆ ಸೋಲೋದ್ಯಾರು ಅಂತ ಯೋಚನೆ ಮಾಡಿದ್ದೀಯಾ?”

“ಗೆದ್ದ ಮೇಲೆ ಮಾಡ್ತೀನಿ.”

ಅಜ್ಜಿ ನನ್ನ ಮುಖವನ್ನೇ ನೋಡಿದಳು, ಬೇರೆ ಯಾರೋ ಮಾತಾಡಿದ್ದಾರೆಂಬಂತೆ. ಆಮೇಲೆ ಒಂದು ತೆನೆ ನನ್ನ ಕಡೆ ಎಸೆದಳು. “ಸುಮ್ನೆ ಕೂರಬೇಡ, ಸುಲಿ. ಮುಂದಿನ ಭಾನುವಾರ ಮನೆ ಹೆಂಗಸರನ್ನೆಲ್ಲ ಕರೀತೀನಿ.”

ಮೇ 4, ಭಾನುವಾರ

ಪೂರ್ತಿ ಬರೆದಿಡಬೇಕು, ಒಂದು ಮಾತೂ ಬಿಡದೆ.

ಚರ್ಚು ಮುಗಿಸಿ ದೊಡ್ಡಮ್ಮಂದಿರು, ಅವರ ಹೆಣ್ಣುಮಕ್ಕಳು ಬಂದು ಚಾಪೆಯ ಮೇಲೆ ಕೂತರು. ಒರಳನ್ನು ಬೋರಲು ಹಾಕಿ ಅದರ ಮೇಲೆ ಫೋನ್ ಇಟ್ಟೆವು.

“ಕೇಳಿಸ್ತಿದೆಯಾ ಲಾಸ್ಟನ್?” ಅಜ್ಜಿ ಫೋನಿಗೆ ಬಾಗಿ ಕಿರುಚಿದಳು.

“ಕೇಳಿಸ್ತಿದೆ ಅವ್ವಾ. ನಾನು ಜೋನಿಯಲ್ಲಿದೀನಿ, ಗೋರಿಯೊಳಗಲ್ಲ.”

“ಫತ್ಸಾನಿ ಏನೋ ಹೇಳ್ಬೇಕಂತೆ.”

“ಫತ್ಸಾನಿನಾ? ಅವಳಿಗೆ ಬಾಯಿ ಯಾವಾಗ ಬಂತು?”

ಎಲ್ಲರೂ ನಕ್ಕರು. ನನಗೆ ಎಂದಿನಂತೆ ಕಿವಿ ಬಿಸಿಯಾಯಿತು. ಆದರೆ ನಗು ಮುಗಿದ ಮೇಲೆ ಮಾತು ಅಲ್ಲೇ ಇತ್ತು, ಓಡಿಹೋಗಿರಲಿಲ್ಲ.

“ಮಾವ, ಮದಾಲೊಗೆ ಪಾಲಕಿ ಅಂತ ನನ್ನ ಹೆಸರು ಹಾಕ್ಬೇಕು. ನಿಮ್ಮ ಹೆಸರು ತೆಗೀಬೇಕು.”

ಜೊಹಾನ್ಸ್‌ಬರ್ಗ್‌ನಲ್ಲಿ ನಾಯಿ ಬೊಗಳಿದ್ದು ಕೇಳಿಸಿತು.

“ತೆಗೆದು ಏನಂತ ಬರೀತೀಯ? ನಾನು ಸತ್ತೆ ಅಂತಾನಾ?”

“ನೀವು ದೂರ ಇದೀರಿ ಅಂತ.”

“ನೋಡೇ ಹುಡುಗಿ. ಈ ಮನೆ ಹೆಣ್ಮಕ್ಕಳಿಗೆಲ್ಲ ನೆರಳು ನಾನು. ನಿಮ್ಮಮ್ಮನ ಮದುವೆಗೆ ಒಪ್ಪಂದದ ಕೋಳಿ ಹಿಡ್ಕೊಂಡು ಮುಂದೆ ನಿಂತೋನು ನಾನು. ಎನಿಫಾ ಮದುವೆಗೂ ನಾನೇ. ಮೊನ್ನೆ ಹುಟ್ಟಿದ ನೀನು ಈಗ ಯಾವುದೋ ಕಚೇರಿಯೋರು ಹೇಳಿದ್ರು ಅಂತ…”

“ಮದಾಲೊಗೆ ಯಾವ ಕಿವಿ ಸೋರತ್ತೆ ಮಾವ?”

“ಏನು?”

“ಪ್ರಿಟೋರಿಯಾದೋರು ನಿಮ್ಮನ್ನೇ ಕೇಳ್ತಾರೆ. ನೀವಲ್ವಾ ಪಾಲಕರು. ಯಾವ ಕಿವಿ? ಯಾವ ತರಗತಿ? ಏನು ಹಿಡ್ಕೊಂಡ್ರೆ ಅವಳಿಗೆ ನಿದ್ದೆ ಬರತ್ತೆ? ಏನಂತ ಹೇಳ್ತೀರಿ?”

ಯಾರೂ ನಗಲಿಲ್ಲ. ದೊಡ್ಡಮ್ಮ ತಾನು ಸೊಂಟಕ್ಕೆ ಸುತ್ತಿದ್ದ ಚಿತೆಂಜೆ ಬಟ್ಟೆಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡಳು. ನಾನು ಹೇಳಬಾರದ್ದನ್ನು ಹೇಳಿದ್ದೆ. ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಅನಿಸಲಿಲ್ಲ.

“ಯಾವ ಕಿವಿ?” ಮಾವ ಮೆಲ್ಲಗೆ ಕೇಳಿದ.

“ಎಡಗಿವಿ.”

ಮತ್ತೆ ನಾಯಿ. ಆಮೇಲೆ ಗಂಟಲು ಸರಿಮಾಡಿಕೊಂಡ ಸದ್ದು. ಯಜಮಾನನ ದನಿ ವಾಪಸು ಬಂತು.

“ಸರಿ. ಆದ್ರೆ ಸುಮ್ನೆ ಎತ್ತಿ ಕೊಟ್ಟುಬಿಡೋಕೆ ಅದೇನು ಕೊಡೆನಾ? ಮದುವೆಗೆ ಕೋಳಿ ಬೇಕು ಅಂದ್ರೆ ಇದಕ್ಕೂ ಕೋಳಿ ಬೇಕು.”

“ಹುಂಜನೋ ಹೇಂಟೆನೋ?” ಎಂದಳು ದೊಡ್ಡಮ್ಮ. ಇಂಥದ್ದನ್ನು ಈ ಹಿಂದೆ ಯಾರೂ ಮಾಡಿರಲಿಲ್ಲವಾದ್ದರಿಂದ ಸ್ವಲ್ಪ ಹೊತ್ತು ಚರ್ಚೆ ನಡೆಯಿತು.

“ಹೇಂಟೆ,” ಎಂದು ಅಜ್ಜಿ ಮುಗಿಸಿದಳು. “ಕೊಡೋಳು ಹೆಣ್ಣು, ಕೊಡೋದೂ ಹೆಣ್ಣೇ.”

“ಜೋನಿಗೆ ಹೇಗೆ ಕಳಿಸ್ತೀರಿ?”

“ನೀನು ಬರೋವರೆಗೆ ನಾವೇ ಸಾಕ್ತೀವಿ. ನಿನ್ನ ನೆರಳಲ್ಲಿರೋ ಮಕ್ಕಳನ್ನ ಸಾಕ್ತಿಲ್ವಾ, ಹಾಗೆ.”

“ಯಾರೂ ಕುಯ್ಯಬಾರದು. ಅದು ನಂದು.”

“ನಿಂದೇ ಕಣಪ್ಪ.”

ನಾಳೆ ಮಾರುಕಟ್ಟೆಗೆ ಹೋಗಬೇಕು.

ಮೇ 9, ಶುಕ್ರವಾರ

ಕಂದು ಹೇಂಟೆ, ಕುತ್ತಿಗೆಯಲ್ಲಿ ಗರಿಯಿಲ್ಲ, ಸಿಟ್ಟು ಜಾಸ್ತಿ. “ಇದು ಮಾವಂದು, ಮುಟ್ಟಬಾರದು” ಎಂದು ಮದಾಲೊಗೆ ಹೇಳಿದ್ದೆ. ಅವಳು ಅದರ ಹೆಸರೇ ಮಾವ ಎಂದುಕೊಂಡಿದ್ದಾಳೆ. ಬೆಳಗ್ಗೆ ಅಂಗಳದಿಂದ ಕೇಳಿಸಿತು: “ಮಾವ, ಬಾ ಇಲ್ಲಿ. ಮಾವ, ಅಲ್ಲೆಲ್ಲ ಕಕ್ಕ ಮಾಡಬಾರದು.”

ಅಜ್ಜಿ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. ತಿದ್ದುವುದಕ್ಕೆ ಬಿಡಲಿಲ್ಲ.

ಮೇ 18, ಭಾನುವಾರ

ಮಾವನ ಕಾಗದ ಬಂದಿಲ್ಲ. ಎಲ್ಲರ ಮುಂದೆ ಒಪ್ಪಿ, ಈಗ ತಣ್ಣಗೆ ಕೂತಿದ್ದಾನೆ ಎಂದು ನಾಲ್ಕು ಮಾತು ಬೈಯಲು ಸಿದ್ಧವಾಗಿಯೇ ಇದ್ದೆ. ಅಷ್ಟರಲ್ಲಿ ಅವನೇ ನನ್ನ ಫೋನಿಗೆ ಮಾಡಿದ. ಎಂದೂ ಹಾಗೆ ಮಾಡಿದವನಲ್ಲ.

“ಅವ್ವ ಹತ್ರ ಇದ್ದಾಳಾ?”

“ಇಲ್ಲ ಮಾವ, ನೀರಿಗೆ ಹೋಗಿದ್ದಾಳೆ.”

“ಆ ಕಾಗದಕ್ಕೆ ಮೊಹರು ಬೇಕಂತಲ್ಲ. ಇಲ್ಲಿ ಪೊಲೀಸ್ ಠಾಣೆಯಲ್ಲಿ ಹಾಕ್ಸೋದಂತೆ.”

“ಹೌದು. ಠಾಣೆ ದೂರಾನಾ?”

“ಎದುರಿಗೇ ಇದೆ.” ದನಿ ತಗ್ಗಿಸಿದ. “ಠಾಣೆಗೆ ನಾನಾಗೇ ನಡ್ಕೊಂಡು ಹೋಗ್ಲಾ ಹುಡುಗಿ?”

ಆಗ ಅರ್ಥವಾಯಿತು. ಎರಡು ಕ್ರಿಸ್‌ಮಸ್‌ಗೆ ಅವನು ಊರಿಗೆ ಬರಲಿಲ್ಲ. ತೋಟದ ಧಣಿ ರಜೆ ಕೊಡುವುದಿಲ್ಲ ಎಂದಿದ್ದ. ಕಾಗದಪತ್ರವಿಲ್ಲದವನು ಒಮ್ಮೆ ಗಡಿಯಾಚೆ ಬಂದರೆ ಮತ್ತೆ ಒಳಗೆ ಬಿಡುವುದಿಲ್ಲ, ಅಷ್ಟೇ. ಇಷ್ಟು ದಿನ ನಾನು ಮಗುವಿನ ಫೈಲು ಎಲ್ಲಿದೆ ಎಂದು ಹುಡುಕುತ್ತಿದ್ದೆ. ಮಾವನ ಫೈಲು ಯಾವ ಕಚೇರಿಯಲ್ಲೂ ಇಲ್ಲ.

“ಗುರುತಿಲ್ಲದ ನಂಬರ್ ಬಂದ್ರೆ ನಾನು ಎತ್ತಲ್ಲ,” ಎಂದ. “ಎಷ್ಟೋ ಸಲ ಬಂದಿತ್ತು. ಪ್ರಿಟೋರಿಯಾದೋರೇ ಇದ್ರೇನೋ.”

“ಇರಲಿ ಬಿಡಿ ಮಾವ. ಠಾಣೆಗೆ ಹೋಗಬೇಡಿ. ಬೇರೆ ದಾರಿ ಹುಡುಕ್ತೀನಿ.”

“ಅವ್ವಂಗೆ ಹೇಳ್ಬೇಡ.”

“ಇಲ್ಲ.”

“ಕೋಳಿ ಹೇಗಿದೆ?”

“ನಿಮ್ಮ ಹಾಗೇ ಇದೆ. ಎಲ್ಲರ ಮೇಲೂ ಸಿಟ್ಟು ಮಾಡತ್ತೆ.”

ಬಹಳ ದಿನಗಳ ಮೇಲೆ ನಕ್ಕವನ ಹಾಗೆ ನಕ್ಕ, ತಡೆದು ತಡೆದು.

ಅಜ್ಜಿ ಬಂದು “ಯಾರದು ಫೋನು?” ಎಂದಳು. ಕಚೇರಿಯವರದು ಎಂದೆ. ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ.

ಮೇ 30, ಶುಕ್ರವಾರ

ಸಿಕ್ಕಿತು! ಅಲ್ಲಿ ಕೆಲವು ಪಾದ್ರಿಗಳಿಗೂ ಮೊಹರು ಹಾಕುವ ಅಧಿಕಾರ ಇದೆಯಂತೆ. ಅದನ್ನು ಓದಿ ತಿಳಿದುಕೊಂಡು, ಮಾವ ಹಾಡುವ ಚರ್ಚಿನ ಪಾದ್ರಿಗೆ ನಾನೇ ಫೋನ್ ಮಾಡಿ ಕೇಳಿದೆ. ಇದೆ ಎಂದರು. ಇಂದು ಕಾಗದದ ಚಿತ್ರ ಬಂತು. ಮಾವನ ಸಹಿ ಎಷ್ಟು ದೊಡ್ಡದೆಂದರೆ ಪಾದ್ರಿಯ ಮೊಹರಿಗೆ ಜಾಗವೇ ಉಳಿದಿಲ್ಲ, ಅಂಚಿನಲ್ಲಿ ಒತ್ತಿದ್ದಾರೆ.

ಅದರ ಕೆಳಗೆ ನಾನು ಸಹಿ ಹಾಕಿದೆ. ಪಾಲಕರ ವಿಳಾಸ: ಚಿಕಂಡಾ, ಝೊಂಬಾ. ಇಲ್ಲಿಯ ಜಿಲ್ಲಾ ಕಚೇರಿಯಲ್ಲಿ ಮೊಹರು ಹಾಕಿಸಿ ಎರಡೂ ಕಡೆಗೆ ಕಳಿಸಿದೆ. ಜೊತೆಗೆ ಮಾರ್ಚಿನಿಂದ ಉಳಿಸಿಕೊಂಡಿದ್ದ ತಾಳ್ಮೆಯ ಸಾಲನ್ನೂ ಕಳಿಸಿದೆ.

ಜೂನ್ 12, ಗುರುವಾರ

ಪ್ರಿಟೋರಿಯಾ: ಫೈಲನ್ನು ನೈರೋಬಿಗೆ ಕಳಿಸಲಾಗಿದೆ. ನೈರೋಬಿ: ಬಂದಿಲ್ಲ.

ಎರಡು ಊರಿನ ನಡುವೆ ಗೆರೆ ಎಳೆದರೆ ಅದು ನಮ್ಮ ದೇಶದ ಮೇಲೇ ಹಾದುಹೋಗುತ್ತದೆ. ಮದಾಲೊಳ ಫೈಲು ನಮ್ಮ ತಲೆಯ ಮೇಲೇ ಹಾರಿಹೋಗಿರಬೇಕು, ನಾವು ಅಂಗಳದಲ್ಲಿ ನ್ಸಿಮಾ ಮುದ್ದೆ ತಿನ್ನುತ್ತಿದ್ದಾಗ.

ಚಳಿ, ಮೂರು ದಿನದಿಂದ ಜಿಟಿಜಿಟಿ. ಬ್ಲಾಂಟೈರ್‌ಗೆ ಹೋದೆ.

“ಮತ್ತೆ ಬಂದ್ರಾ?” ಎಂದಳು ಗಾಜಿನ ಹಿಂದಿನವಳು.

“ಬರ್ತಾನೇ ಇರ್ತೀನಿ. ನಿಮಗೆ ನನ್ನ ಮುಖ ಸಾಕಾದ್ರೆ ಫೈಲು ಎಲ್ಲಿದೆ ಅಂತ ಹುಡುಕಿಕೊಡಿ.”

ಹಿಂದೆ ಯಾರೋ ಕೆಮ್ಮಿದರು. “ತಡೀರಿ, ನಂದು ಮುಗೀಲಿ,” ಎಂದೆ. ಅವಳು ಕಂಪ್ಯೂಟರಿನಲ್ಲಿ ನೋಡಿದಳು, ಒಳಗೆ ಹೋಗಿ ಯಾರನ್ನೋ ಕೇಳಿದಳು. ಕಳಿಸಿದ್ದು ನಿಜ, ಕಾಗದಗಳ ಲಕೋಟೆಯೂ ಹೋಗಿದೆ, ಆದರೆ ಆ ಕಡೆ ಯಾರೂ ತೆರೆದಿಲ್ಲ. ತೆರೆದು ನೋಡದೆ ಬಂದಿಲ್ಲ ಎನ್ನುತ್ತಿದ್ದಾರೆ. ಒಂದು ಬೇರೆ ನಂಬರನ್ನು ಚೀಟಿಯಲ್ಲಿ ಬರೆದು ಗಾಜಿನ ಕೆಳಗಿಂದ ತಳ್ಳಿದಳು. “ನಾನು ಕೊಟ್ಟೆ ಅಂತ ಹೇಳ್ಬೇಡಿ.”

ವಾಪಸು ಬರುವಾಗ ಮಿನಿಬಸ್ಸಿನ ಗಾಜು ಒಡೆದಿತ್ತು, ಎಡಭುಜ ಪೂರ್ತಿ ನೆನೆಯಿತು. ಚಿಕಂಡಾದಲ್ಲಿ ಕೂಗಿ ಇಳಿದು, ಒಂದಿಷ್ಟು ಉಸಿಪಾ ಮೀನು ಕೊಂಡು ಮನೆಗೆ ಬಂದೆ. ಮೀನಿನಲ್ಲಿ ಮರಳು ಜಾಸ್ತಿ.

ಜೂನ್ 24, ಮಂಗಳವಾರ

ಚೀಟಿಯ ನಂಬರಿನಲ್ಲಿ ನೈರೋಬಿಯ ಹೆಣ್ಣು ದನಿ.

“ಅರ್ಜಿದಾರರ ಹೆಸರು? ಹುಟ್ಟಿದ ದಿನ? ಅರ್ಜಿದಾರರಿಗೆ ನೀವೇನಾಗಬೇಕು?”

“ಪಾಲಕಿ. ಎಲ್ಲ ಹೇಳಿದೆ. ಈಗ ನಿಮ್ಮ ಹೆಸರು ಹೇಳಿ.”

“ನಾವು ಹೆಸರು ಹೇಳಲ್ಲ ಮೇಡಂ.”

“ನನ್ನ ಹೆಸರು ಪ್ರತಿ ಸಾರಿ ಕೇಳ್ತೀರಿ. ನನ್ನ ಮಗು ಹೆಸರು, ಅದರ ಸತ್ತ ಅಪ್ಪನ ಹೆಸರು, ಎಲ್ಲ ನಿಮ್ಮ ಹತ್ರ ಇದೆ. ಕಳೆದುಹೋದ್ರೆ ಯಾರ ಹೆಸರು ಹಿಡಿದು ಕೇಳಲಿ? ನಿಮ್ಮ ಕಟ್ಟಡದ್ದಾ?”

ಅವಳು ಉಸಿರು ಬಿಟ್ಟಿದ್ದು ಕೇಳಿಸಿತು.

“ನ್ಯಾಬೋಕೆ,” ಎಂದಳು.

“ನ್ಯಾಬೋಕೆ ಅವರೇ, ಪ್ರಿಟೋರಿಯಾದಿಂದ ಬಂದ ಲಕೋಟೆ ನಿಮ್ಮಲ್ಲೇ ಎಲ್ಲೋ ತೆರೀದೆ ಬಿದ್ದಿದೆ. ದಯವಿಟ್ಟು ಎದ್ದು ಹೋಗಿ ನೋಡಿ. ನಾನು ಕಾಯ್ತೀನಿ.”

“ಬಹಳ ಹೊತ್ತಾಗಬಹುದು.”

“ಕಾಯ್ತೀನಿ ಅಂದೆನಲ್ಲ.”

ಸಂಗೀತ ಹಾಕುವುದನ್ನು ಮರೆತು ಎದ್ದುಹೋದಳು. ಕುರ್ಚಿ ಸರಿದ ಸದ್ದು, ಬಾಗಿಲು, ದೂರದಲ್ಲಿ ಯಾರೋ ಚಹಾ ಕೇಳುತ್ತಿದ್ದುದು. ಮೊದಲ ಸಲ ಅನಿಸಿತು: ಅದೊಂದು ಕೋಣೆ, ಅಷ್ಟೇ.

“ಇದೆ,” ಎಂದಳು ಬಂದು. ಅವಳಿಗೇ ಆಶ್ಚರ್ಯವಾಗಿತ್ತು. “ತಪ್ಪು ಕಪಾಟಿನಲ್ಲಿತ್ತು. ಅಧಿಕಾರಿ ಮೇಜಿನ ಮೇಲೆ ಇಟ್ಟು ಬಂದೆ.”

ಮದಾಲೊಳನ್ನು ‘ನನ್ನ ಮಗು’ ಎಂದೆನಲ್ಲ, ಈಗ ಬರೆಯುವಾಗ ಗಮನಿಸಿದೆ. ಮಾತಿನ ಭರದಲ್ಲಿ ಬಂದದ್ದು.

ಜುಲೈ 6, ಭಾನುವಾರ

ಸ್ವಾತಂತ್ರ್ಯ ದಿನ. ಎಲ್ಲ ಕಡೆ ಬಾವುಟ. ಕಚೇರಿಯಿಂದ ಏನೂ ಇಲ್ಲ. ಮಾವ, ಅಂದರೆ ಕೋಳಿ, ಇನ್ನೂ ಒಂದು ಮೊಟ್ಟೆಯನ್ನೂ ಇಟ್ಟಿಲ್ಲ. ಮದಾಲೊ ದಿನವೂ ಬುಟ್ಟಿಯಲ್ಲಿ ಕೈಯಾಡಿಸಿ ನೋಡುತ್ತಾಳೆ. “ಮಾವಂಗೆ ತಾಳ್ಮೆ ಇಲ್ಲ,” ಎನ್ನುತ್ತಾಳೆ.

ಜುಲೈ 15, ಮಂಗಳವಾರ

ಬಂತು. ವೀಸಾ, ನೈರೋಬಿಯ ಮೊಹರು.

ಬಟ್ಟೆ ಒಗೆದೆ. ಒಗೆದಿದ್ದನ್ನೂ ಮತ್ತೆ ಒಗೆದೆ.

ಜುಲೈ 26, ಶನಿವಾರ

ಚಿಲೇಕಾ ವಿಮಾನ ನಿಲ್ದಾಣ. ಮದಾಲೊಳ ಕುತ್ತಿಗೆಗೆ ಅವಳ ಹೆಸರಿನ ಚೀಲ ನೇತುಹಾಕಿದರು. ಅವಳಿಗೆ ಅದು ಬಹಳ ಇಷ್ಟವಾಯಿತು. ವಿಮಾನದ ಹುಡುಗಿಯೊಬ್ಬಳು ಅವಳನ್ನು ಕೈ ಹಿಡಿದು ಅಕ್ಕನವರೆಗೆ ತಲುಪಿಸುತ್ತಾಳೆ.

ಮೇಜಿನ ಹಿಂದಿನವನು ಕಾಗದ ನೋಡುತ್ತಲೇ ಗಟ್ಟಿಯಾಗಿ ಕೇಳಿದ: “ಈ ಮಗು ಪಾಲಕರು ಯಾರು?”

“ನಾನು.”

ಅವನು ತಲೆ ಎತ್ತಿದ. ನನ್ನ ದನಿ ಅಷ್ಟು ಜೋರಾಗಿತ್ತೇನೋ, ಪಕ್ಕದ ಸಾಲಿನವರೂ ತಿರುಗಿ ನೋಡಿದರು.

“ಇಲ್ಲಿ ಸಹಿ ಹಾಕಿ. ಮಗುನ ಒಪ್ಪಿಸಿದೆ ಅಂತ.”

ಇಷ್ಟು ತಿಂಗಳು ಜಗಳವಾಡಿ ಗಳಿಸಿದ ಹೆಸರನ್ನು ಆ ಒಂದು ಗೆರೆಯ ಮೇಲೆ ಬರೆದೆ. ಆ ಹೆಸರಿಗೆ ಇದ್ದ ಕೆಲಸ ಅಷ್ಟೇ, ಮುಗಿಯಿತು. ಆದರೂ ಚಿಕ್ಕದಾಗಿ ಬರೆಯಲಿಲ್ಲ. ಮಾವನ ಸಹಿಗಿಂತ ದೊಡ್ಡದಾಗಿ ಬರೆದೆ.

ಮದಾಲೊ ಬಾಗಿಲವರೆಗೆ ಹೋಗಿ ಓಡಿಬಂದಳು. ಅಳುವುದಕ್ಕೆ ಬಂದಳು ಎಂದುಕೊಂಡೆ.

“ಮಾವಂಗೆ ಜೋಳದ ನುಚ್ಚೇ ಹಾಕ್ಬೇಕು. ತವುಡು ತಿನ್ನಲ್ಲ.”

“ಗೊತ್ತು.”

“ಎಡಗಿವಿ,” ಎಂದು ವಿಮಾನದ ಹುಡುಗಿಗೆ ಹೇಳಿದೆ. “ಅದು ಸೋರತ್ತೆ, ವಿಮಾನ ಇಳಿಯೋವಾಗ ನೋಯಬಹುದು. ಚೀಪೋಕೆ ಏನಾದ್ರೂ ಕೊಡಿ.”

ಮಗುವನ್ನು ಒಳಗೆ ಬಿಟ್ಟರೆ ಆ ದೇಶದ ಹೆಸರು ಬರೆಯುತ್ತೇನೆ ಎಂಬ ಅರ್ಥ ಬರುವಂತೆ ಮೊದಲ ಪುಟದಲ್ಲಿ ಬರೆದಿದ್ದೆ. ಬರೆಯುವುದಿಲ್ಲ. ಬಿಟ್ಟದ್ದು ಅವರ ದೊಡ್ಡತನವಲ್ಲ.

ಆಗಸ್ಟ್ 2, ಶನಿವಾರ

ಅಕ್ಕ ಫೋನ್ ಮಾಡಿದಳು. ಮಗು ಊಟ ಮಾಡುತ್ತಿದೆ, ನಿದ್ದೆ ಮಾಡುತ್ತಿದೆ, ತನ್ನನ್ನು ‘ನೀವು’ ಎಂದು ಕರೆಯುತ್ತಿದೆ ಎಂದಳು. ನಕ್ಕಳು.

“ಮದಾಲೊ, ಚಿಕ್ಕಮ್ಮಂಗೆ ಒಂದು ಮಾತು ಹೇಳು ಬಾರೇ.”

ಏನೋ ಉರುಳಿದ ಸದ್ದು.

“ಮಂಚದ ಕೆಳಗೆ ಹೋದ್ಲು,” ಎಂದಳು ಅಕ್ಕ. ದನಿ ಸಣ್ಣದಾಗಿತ್ತು. “ಎಳ್ಕೊಂಡು ಬರ್ತೀನಿ ಇರು.”

“ಬೇಡ ಅಕ್ಕ. ಎಳೀಬೇಡ. ಫೋನನ್ನ ಮಂಚದ ಹತ್ರ ನೆಲದ ಮೇಲಿಡು. ನೀನೂ ಅಲ್ಲೇ ಕೂತ್ಕೋ, ಅವಳಿಗೆ ಕಾಣೋ ಹಾಗೆ.”

“ಎಷ್ಟು ಹೊತ್ತು?”

“ಅವಳು ಬರೋ ತನಕ. ನಾನೆಲ್ಲೂ ಹೋಗಲ್ಲ.”

ಅಕ್ಕ ಹಾಗೆಯೇ ಮಾಡಿದಳು. ನಾನು ಅಂಗಳದಲ್ಲಿ ಒರಳಿನ ಮೇಲೆ ಕೂತೆ. ಆ ಕಡೆ ನೆಲದ ಮೇಲೆ ಇಟ್ಟ ಫೋನಿನೊಳಗೆ ಎರಡು ಉಸಿರು. ಅಜ್ಜಿ ಬಂದು ಪಕ್ಕದಲ್ಲಿ ನಿಂತು, ನನ್ನ ಮುಖ ನೋಡಿ ಒಳಗೆ ಹೋದಳು. ಬಿಸಿಲು ಗೋಡೆಯಿಂದ ಇಳಿದು ಬುಟ್ಟಿಯವರೆಗೆ ಬಂತು. ಕೈ ನೋಯತೊಡಗಿದಾಗ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡೆ.

ಕೊನೆಗೆ, ಮಂಚದ ಕೆಳಗಿಂದ:

“ಮಾವ ಮೊಟ್ಟೆ ಇಟ್ಟನಾ?”

ಆ ದೂರದ ಕೋಣೆಯಲ್ಲಿ ನನ್ನ ಅಕ್ಕ ಬಿದ್ದು ಬಿದ್ದು ನಗತೊಡಗಿದಳು. ಮದಾಲೊ ಅವಳನ್ನು ಗದರಿದಳು: “ನಗಬೇಡ ಅಮ್ಮ, ಕೇಳಿಸ್ತಿಲ್ಲ.”

ನಾನು ಎದ್ದು ಹೋಗಿ ಬುಟ್ಟಿಯೊಳಗೆ ಕೈ ಹಾಕಿದೆ. ಕೋಳಿ ನನ್ನ ಕೈಯನ್ನು ಕುಕ್ಕಿತು. ನಾನು ಕೈ ತೆಗೆಯಲಿಲ್ಲ.